ಬಡ್ತಿಯ ಓಟ: ಗೋಲು ಹೊಡೆಯುವುದು ಮುಖ್ಯವೋ, ಬಿಡದಿರುವುದೋ?

2025ರ ಮೇ 3ರಂದು ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್ ಮುಗಿಯಿತು. ಚಾಂಪಿಯನ್‌ಶಿಪ್ ಅಂತ ಅದರ ಹೆಸರು. ಪಟ್ಟಿಯ ತುದಿಯಲ್ಲಿ ಎರಡು ತಂಡಗಳಿದ್ದವು, ಲೀಡ್ಸ್ ಯುನೈಟೆಡ್ ಮತ್ತು ಬರ್ನ್ಲಿ. ಇಬ್ಬರಿಗೂ ಸರಿಯಾಗಿ 100 ಪಾಯಿಂಟ್. ಇಬ್ಬರೂ ಮೇಲಿನ ದರ್ಜೆಯ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದರು. ಈಗ ಗೋಲಿನ ಲೆಕ್ಕ ನೋಡಿ. ಲೀಡ್ಸ್ 46 ಮ್ಯಾಚಿನಲ್ಲಿ 95 ಗೋಲು ಹೊಡೆದು 30 ಬಿಟ್ಟುಕೊಟ್ಟಿತ್ತು. ಬರ್ನ್ಲಿ ಹೊಡೆದದ್ದು 69, ಬಿಟ್ಟುಕೊಟ್ಟದ್ದು ಬರೀ 16. 46ರಲ್ಲಿ 30 ಮ್ಯಾಚುಗಳಲ್ಲಿ ಅವರ ಬಲೆಗೆ ಚೆಂಡೇ ಬೀಳಲಿಲ್ಲ.

ಪಾಯಿಂಟ್ ಒಂದೇ, ಹೋದ ದಾರಿ ಬೇರೆ. ಹಾಗಾದರೆ ಬಡ್ತಿಗೆ ಒದ್ದಾಡುವ ತಂಡ ಯಾವುದನ್ನು ಹಿಡಿಯಬೇಕು? ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಫುಟ್‌ಬಾಲ್ ನೋಡುವವರು ನಾಲ್ಕು ಜನ ಸೇರಿದಲ್ಲಿ ಈ ಜಗಳ ಇದ್ದೇ ಇದೆ. "ಡಿಫೆನ್ಸ್ ಆಡಿ ಯಾರು ಮೇಲೆ ಹೋಗ್ತಾರೆ ಮಾರಾಯ, ಗೋಲು ಹೊಡೀಬೇಕು" ಅಂತ ಒಬ್ಬರು. "ಹಿಂದೆ ಗಟ್ಟಿ ಇಲ್ಲದಿದ್ರೆ ಮುಂದೆ ಎಷ್ಟು ಹೊಡೆದ್ರೂ ಎಂತ ಪ್ರಯೋಜನ?" ಅಂತ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಒಂದು ಸಂಗತಿಯನ್ನು ಬಿಟ್ಟು ಮಾತಾಡುತ್ತಿದ್ದಾರೆ. ತಂಡ ಎಚ್ಚರಿಕೆಯಿಂದ ಆಡಿದಾಗ ಯಾವ ಫಲಿತಾಂಶದ ಬದಲಿಗೆ ಯಾವುದನ್ನು ಪಡೆಯುತ್ತಿದೆ? ಸೋಲಿನ ಬದಲು ಡ್ರಾ ಸಿಕ್ಕಿತಾ, ಗೆಲುವಿನ ಬದಲು ಡ್ರಾ ಆಯಿತಾ? ಎಲ್ಲ ನಿಂತಿರುವುದು ಇದರ ಮೇಲೆ.

ನಮ್ಮ ಕಡೆಯವರಿಗೆ ಇದು ತಟ್ಟನೆ ಹೊಳೆಯದಿರಲು ಒಂದು ಕಾರಣವಿದೆ. ನಮ್ಮ ಕಣ್ಣು ಪಳಗಿದ್ದು ಸೆವೆನ್ಸ್‌ನಲ್ಲಿ. ಕೊಯ್ಲು ಮುಗಿದ ಗದ್ದೆಯೋ ಶಾಲೆಯ ಮೈದಾನವೋ, ಸುತ್ತ ಕಂಗಿನ ಮರ ಕಟ್ಟಿ ಮಾಡಿದ ಗ್ಯಾಲರಿ, ರಾತ್ರಿ ದೊಡ್ಡ ಲೈಟು, ಒಂದೊಂದು ಕಡೆ ಏಳು ಜನ. ಮೈದಾನ ಚಿಕ್ಕದು, ಆಫ್‌ಸೈಡ್ (ಪಾಸ್ ಕೊಡುವಾಗ ಎದುರಾಳಿಯ ಕೊನೆಯ ಬ್ಯಾಕ್‌ಗಿಂತ ಗೋಲಿಗೆ ಹತ್ತಿರ ನಿಂತಿರಬಾರದು ಅನ್ನುವ ನಿಯಮ) ಇಲ್ಲ. ಚೆಂಡು ಈ ತುದಿಯಿಂದ ಆ ತುದಿಗೆ ಎರಡು ಒದೆತದಲ್ಲಿ ಹೋಗುತ್ತದೆ. ಇಂಥ ಟೂರ್ನಿಗಳು ಹೆಚ್ಚಾಗಿ ನಾಕೌಟ್. ಸೋತವರು ಮನೆಗೆ, ಸಮ ಆದರೆ ಪೆನಾಲ್ಟಿ. 0–0 ಮಾಡಿಕೊಂಡು ಪೆನಾಲ್ಟಿಯಲ್ಲಿ ಗೆದ್ದರೂ ಅದು ಪೂರ್ತಿ ಗೆಲುವೇ. ಆ ಒಂದು ರಾತ್ರಿ ದಾಟಿದರೆ ಸಾಕು.

ಬಡ್ತಿಯ ಓಟ ಲೀಗಿನಲ್ಲಿ ನಡೆಯುವಂಥದ್ದು. ಅಲ್ಲಿ ಒಂದು ರಾತ್ರಿಯಲ್ಲಿ ಯಾರೂ ಹೊರಬೀಳುವುದಿಲ್ಲ. ಒಂಬತ್ತು ತಿಂಗಳು ಪಾಯಿಂಟ್ ಕೂಡಿಸುತ್ತಾ ಹೋಗಬೇಕು. ಚಾಂಪಿಯನ್‌ಶಿಪ್‌ನಲ್ಲಿ 24 ತಂಡ, ಪ್ರತಿ ತಂಡಕ್ಕೆ 46 ಮ್ಯಾಚ್. 2024-25ರಲ್ಲಿ ಮೊದಲ ಎರಡು ತಂಡಗಳಿಗೆ ನೇರ ಬಡ್ತಿ ಇತ್ತು. ಮೂರರಿಂದ ಆರನೇ ಸ್ಥಾನದವರು ಪ್ಲೇ-ಆಫ್ ಆಡಿ, ಅವರಲ್ಲಿ ಒಬ್ಬರು ಮಾತ್ರ ಮೇಲೆ ಹೋಗುತ್ತಿದ್ದರು.

ನಮ್ಮ ದೇಶದಲ್ಲಿ ಈ ಏಣಿ ಬಂದದ್ದು ಇತ್ತೀಚೆಗೆ. ಕೋಯಿಕ್ಕೋಡಿನ ಗೋಕುಲಂ ಕೇರಳ 2020-21 ಮತ್ತು 2021-22ರಲ್ಲಿ ಸತತವಾಗಿ ಐ-ಲೀಗ್ ಗೆದ್ದಿತು. ಆಗ ಗೆದ್ದರೂ ಮೇಲಿನ ಲೀಗಾದ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಡ್ತಿ ಇರಲಿಲ್ಲ. ಮರುವರ್ಷ, ಅಂದರೆ 2022-23ರಲ್ಲಿ ಐ-ಲೀಗ್ ಗೆದ್ದ ಪಂಜಾಬ್ ತಂಡಕ್ಕೆ ಮೊದಲ ಬಾರಿಗೆ ಆ ಬಾಗಿಲು ತೆರೆಯಿತು. 2023-24ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಹೋಯಿತು. ಎರಡು ಸಲ ಗೆದ್ದ ಮಲಬಾರಿನ ತಂಡ ಕೆಳಗೇ ಉಳಿದದ್ದು ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಕೂಡ ಈ ಏಣಿಯ ಎರಡೂ ಮುಖ ಕಂಡಿದೆ. 2023-24ರಲ್ಲಿ ಐ-ಲೀಗಿಗೂ ಕೆಳಗಿನ ಐ-ಲೀಗ್ 2 ಗೆದ್ದು ಮೇಲೆ ಬಂತು, ಮರುವರ್ಷವೇ ಕೆಳಗಿಳಿಯಿತು.

ಮೂರು ಪಾಯಿಂಟಿನ ಲೆಕ್ಕ

ಈಗ ನಾವು ಗೆಲುವಿಗೆ ಮೂರು ಪಾಯಿಂಟ್ ಅಂತ ಸುಮ್ನೆ ಹೇಳಿಬಿಡುತ್ತೇವೆ. ಮೊದಲು ಹಾಗಿರಲಿಲ್ಲ. ಗೆದ್ದರೆ ಎರಡು, ಡ್ರಾ ಆದರೆ ಒಂದು. 1981ರಲ್ಲಿ ಇಂಗ್ಲೆಂಡಿನ ಲೀಗ್ ಗೆಲುವಿಗೆ ಮೂರು ಕೊಡಲು ಶುರು ಮಾಡಿತು. 1994ರ ವಿಶ್ವಕಪ್ಪಿಗೂ ಅದು ಬಂತು. ತಂಡಗಳು ಡ್ರಾ ಸಾಕು ಅಂತ ಕೂರಬಾರದು, ಗೆಲ್ಲಲು ಆಡಬೇಕು ಅನ್ನುವುದೇ ಇದರ ಉದ್ದೇಶ.

ಇದರಿಂದ ಎಷ್ಟು ವ್ಯತ್ಯಾಸ ಆಯಿತು? ಒಂದು ತಂಡ 46 ಮ್ಯಾಚನ್ನೂ ಡ್ರಾ ಮಾಡಿಕೊಂಡಿತು ಅಂತಿಟ್ಟುಕೊಳ್ಳಿ. ಒಂದೂ ಸೋಲಿಲ್ಲ. ಇನ್ನೊಂದು ತಂಡ 23 ಗೆದ್ದು 23 ಸೋತಿತು. ಹಳೆಯ ಲೆಕ್ಕದಲ್ಲಿ ಇಬ್ಬರಿಗೂ 46 ಪಾಯಿಂಟ್. ಹೊಸ ಲೆಕ್ಕದಲ್ಲಿ ಮೊದಲನೆಯದಕ್ಕೆ 46, ಎರಡನೆಯದಕ್ಕೆ 69. ಅರ್ಧಕ್ಕರ್ಧ ಸೋತ ತಂಡ 23 ಪಾಯಿಂಟ್ ಮುಂದೆ! ಇಷ್ಟು ಕೇಳಿದರೆ ಗೋಲು ಹೊಡೀಬೇಕು ಅನ್ನುವವರ ವಾದವೇ ಗೆದ್ದ ಹಾಗೆ ಅನಿಸುತ್ತದೆ ಅಲ್ವಾ?

ಸ್ವಲ್ಪ ತಡೆಯಿರಿ. ಅದೇ 2024-25ರ ಪಟ್ಟಿಯಲ್ಲಿ ಮೂರನೇ ಸ್ಥಾನದಲ್ಲಿದ್ದ ಶೆಫೀಲ್ಡ್ ಯುನೈಟೆಡ್ಡನ್ನು ನೋಡೋಣ. ಅವರು ಗೆದ್ದದ್ದು 28 ಮ್ಯಾಚ್. ಬರ್ನ್ಲಿ ಗೆದ್ದದ್ದೂ ಸರಿಯಾಗಿ 28. ಗೆಲುವಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಬರ್ನ್ಲಿಗೆ 16 ಡ್ರಾ, 2 ಸೋಲು. ಶೆಫೀಲ್ಡ್‌ಗೆ 8 ಡ್ರಾ, 10 ಸೋಲು. ಅಂದರೆ ಶೆಫೀಲ್ಡ್ ಸೋತದ್ದಕ್ಕಿಂತ ಎಂಟು ಮ್ಯಾಚ್ ಕಡಿಮೆ ಸೋತು, ಆ ಎಂಟನ್ನೂ ಬರ್ನ್ಲಿ ಡ್ರಾ ಮಾಡಿಕೊಂಡಿತು. ಎಂಟು ಪಾಯಿಂಟ್. ಶೆಫೀಲ್ಡ್‌ಗೆ ಆ ವರ್ಷ ಎರಡು ಪಾಯಿಂಟ್ ದಂಡವೂ ಬಿದ್ದಿತ್ತು, ಹಾಗಾಗಿ ಪಟ್ಟಿಯಲ್ಲಿ 90 ಅಂತ ಇದೆ. ದಂಡ ತೆಗೆದು ನೋಡಿದರೂ 92. 92 ಪಾಯಿಂಟ್ ಗಳಿಸಿದರೂ ನೇರ ಬಡ್ತಿ ಸಿಗುತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷ 90 ಪಾಯಿಂಟ್ ಗಳಿಸಿ ಮೂರನೆಯ ಸ್ಥಾನಕ್ಕೆ ನಿಂತದ್ದು ಲೀಡ್ಸ್. ಅವರು ಪ್ಲೇ-ಆಫ್ ಫೈನಲ್‌ನಲ್ಲಿ ಸೌತಾಂಪ್ಟನ್‌ಗೆ 1–0ಯಲ್ಲಿ ಸೋತು ಕೆಳಗೇ ಉಳಿದರು.

ಇಲ್ಲಿಗೆ ಎರಡು ಲೆಕ್ಕಗಳೂ ನಮ್ಮ ಮುಂದಿವೆ. ಸೋಲಬೇಕಾಗಿದ್ದ ಮ್ಯಾಚನ್ನು ಡ್ರಾ ಮಾಡಿದರೆ ಒಂದು ಪಾಯಿಂಟ್ ಲಾಭ. ಗೆಲ್ಲಬೇಕಾಗಿದ್ದ ಮ್ಯಾಚ್ ಡ್ರಾ ಆದರೆ ಎರಡು ಪಾಯಿಂಟ್ ನಷ್ಟ. ಹಾಗಾಗಿ ಎಚ್ಚರಿಕೆಯ ಆಟ ಸರಿಯೋ ತಪ್ಪೋ ಅಂತ ಇಡೀ ಸೀಸನ್ನಿಗೆ ಒಂದೇ ಉತ್ತರ ಇಲ್ಲ. ಎದುರಾಳಿ ಯಾರು, ಎಷ್ಟನೇ ನಿಮಿಷ, ಸ್ಕೋರ್ ಎಷ್ಟು ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಡಿಫೆನ್ಸ್ ಅಂದರೆ ಬಾಗಿಲಲ್ಲಿ ಗುಂಪು ಕಟ್ಟುವುದೇ?

ಸೆವೆನ್ಸ್‌ನಲ್ಲಿ ಹೆಚ್ಚುಕಡಿಮೆ ಹೌದು. ಆಫ್‌ಸೈಡ್ ಇಲ್ಲದ ಕಾರಣ ಎದುರಾಳಿ ಫಾರ್ವರ್ಡ್ ನಿಮ್ಮ ಗೋಲಿಯ ಪಕ್ಕದಲ್ಲೇ ನಿಂತಿರಬಹುದು. ಅವನನ್ನು ಬಿಟ್ಟು ನಿಮ್ಮ ಬ್ಯಾಕ್ ಮುಂದೆ ಬರುವ ಹಾಗಿಲ್ಲ. ಹನ್ನೊಂದು ಜನರ ಆಟದಲ್ಲಿ ಆಫ್‌ಸೈಡ್ ಇದೆ. ನಾಲ್ಕು ಬ್ಯಾಕ್‌ಗಳೂ ಒಟ್ಟಿಗೆ ಹತ್ತು ಹೆಜ್ಜೆ ಮುಂದೆ ಬಂದರೆ ಎದುರಾಳಿ ಫಾರ್ವರ್ಡ್ ಕೂಡ ಹತ್ತು ಹೆಜ್ಜೆ ಹಿಂದೆ ಸರಿಯಲೇಬೇಕು. ಇಲ್ಲದಿದ್ದರೆ ಅವನಿಗೆ ಪಾಸ್ ಕೊಡುವ ಹಾಗಿಲ್ಲ. ಅಂದರೆ ಗೋಲಿನಿಂದ ದೂರದಲ್ಲಿ ನಿಂತೂ ಗೋಲು ಕಾಯಬಹುದು. ಈ ಒಂದು ನಿಯಮವೇ ಡಿಫೆನ್ಸಿಗೆ ಇಷ್ಟೊಂದು ರೂಪಗಳನ್ನು ಕೊಟ್ಟಿದೆ.

ಒಂದು ರೂಪ, ಇಡೀ ತಂಡ ತನ್ನ ಬಾಕ್ಸಿನ (ಗೋಲಿನ ಮುಂದಿನ ಪೆನಾಲ್ಟಿ ಚೌಕ) ಮುಂದೆ ಎರಡು ಸಾಲು ಕಟ್ಟಿ ಕೂರುವುದು. ಇದಕ್ಕೆ ಲೋ ಬ್ಲಾಕ್ ಅನ್ನುತ್ತಾರೆ. ಒಳಗೆ ಜಾಗವೇ ಇರುವುದಿಲ್ಲ. ಎದುರಾಳಿ ಬದಿಯಿಂದ ಕ್ರಾಸ್ ಹಾಕಬೇಕು, ಇಲ್ಲವೇ ದೂರದಿಂದ ಹೊಡೆಯಬೇಕು. ಇನ್ನೊಂದು, ಮೈದಾನದ ಮಧ್ಯದಲ್ಲಿ ಕಾದು ನಿಂತು, ಚೆಂಡು ಒಂದು ಬದಿಗೆ ಹೋದ ಕೂಡಲೇ ಮೂರ್ನಾಲ್ಕು ಜನ ಮುಗಿಬೀಳುವುದು. ಮತ್ತೊಂದು ಹೈ ಪ್ರೆಸ್. ಎದುರಾಳಿಯ ಗೋಲಿ ಪಾಸ್ ಕೊಡುವಾಗಲೇ ಹೋಗಿ ಒತ್ತುವುದು. ನೋಡುವವರಿಗೆ ಇದು ಅಟ್ಯಾಕ್ ಅನಿಸುತ್ತದೆ, ಆದರೆ ಚೆಂಡು ನಮ್ಮ ಬಳಿ ಇಲ್ಲದಾಗ ಮಾಡುವ ಕೆಲಸವಾದ್ದರಿಂದ ಇದೂ ಡಿಫೆನ್ಸೇ. ಇದಕ್ಕೆ ಶ್ವಾಸಕೋಶ ಗಟ್ಟಿ ಇರಬೇಕು. ಈಗ ಐದು ಜನ ಬದಲಿ ಆಟಗಾರರನ್ನು ಇಳಿಸಬಹುದಾದ್ದರಿಂದ ಮೊದಲಿಗಿಂತ ಜಾಸ್ತಿ ಹೊತ್ತು ಹೀಗೆ ಒತ್ತಲು ಸಾಧ್ಯವಾಗಿದೆ.

ನಾಲ್ಕನೆಯದು ಸ್ವಲ್ಪ ವಿಚಿತ್ರ. ಚೆಂಡನ್ನು ನಾವೇ ಇಟ್ಟುಕೊಳ್ಳುವುದು. ಅವಸರ ಇಲ್ಲ. ಆ ಬದಿಯಿಂದ ಈ ಬದಿಗೆ ಪಾಸ್, ದಾರಿ ಕಾಣದಿದ್ದರೆ ಹಿಂದಕ್ಕೆ, ಮತ್ತೆ ಆ ಬದಿಗೆ. ಎದುರಾಳಿಗೆ ಚೆಂಡೇ ಸಿಗದಿದ್ದರೆ ಗೋಲು ಎಲ್ಲಿಂದ ಹೊಡೆಯುತ್ತಾನೆ? ಕೋಚ್ ಸ್ಕಾಟ್ ಪಾರ್ಕರ್ ಅವರ ಬರ್ನ್ಲಿಯಲ್ಲಿ ಈ ಗುಣ ಧಾರಾಳವಾಗಿತ್ತು. ಪಾರ್ಕರ್ ಅದಕ್ಕೂ ಮೊದಲು ಫುಲಂ ಮತ್ತು ಬೋರ್ನ್‌ಮತ್ ತಂಡಗಳನ್ನು ಇದೇ ಲೀಗಿನಿಂದ ಮೇಲೆ ತಂದವರು. ಬರ್ನ್ಲಿಯ ಆಟ ನೋಡಲು ಬೋರು ಅಂತ ಬಹಳ ಜನ ದೂರಿದರು. ಆದರೆ 69 ಗೋಲು ಕಡಿಮೆಯೇನಲ್ಲ, ಮ್ಯಾಚಿಗೆ ಒಂದೂವರೆ. ಮಿಡ್‌ಫೀಲ್ಡರ್ ಜಾಶ್ ಬ್ರೌನ್‌ಹಿಲ್ ಒಬ್ಬರೇ 18 ಹೊಡೆದಿದ್ದರು. ಗೋಲು ಬಿಡದ ತಂಡಕ್ಕೆ ಗೆಲ್ಲಲು ಒಂದು ಗೋಲು ಸಾಕು. ಅವರ ಹಿಂದಿನ ಸಾಲು ಮಾಡಿದ ಉಪಕಾರ ಇದೇ: ಫಾರ್ವರ್ಡ್‌ಗಳ ಕೆಲಸವನ್ನು ಹಗುರ ಮಾಡಿತು.

ಆ ಸೀಸನ್ನಿನ ಒಂದು ಮ್ಯಾಚನ್ನು ಹತ್ತಿರದಿಂದ ನೋಡಿದರೆ ಡ್ರಾದ ಬೆಲೆ ಗೊತ್ತಾಗುತ್ತದೆ. 2025ರ ಜನವರಿ, ಬರ್ನ್ಲಿಯದೇ ಮೈದಾನ, ಎದುರಾಳಿ ಸಂಡರ್ಲೆಂಡ್. ಇನ್ನೂ 0–0. ಕೊನೆಯ ನಿಮಿಷಗಳಲ್ಲಿ ಸಂಡರ್ಲೆಂಡ್‌ಗೆ ಪೆನಾಲ್ಟಿ ಸಿಕ್ಕಿತು. ಗೋಲಿ ಜೇಮ್ಸ್ ಟ್ರಾಫರ್ಡ್ ಹಾರಿ ತಡೆದ. ಸ್ವಲ್ಪ ಹೊತ್ತಿಗೆ ಮತ್ತೊಂದು ಪೆನಾಲ್ಟಿ. ಅದೇ ಆಟಗಾರ ಹೊಡೆದ, ಟ್ರಾಫರ್ಡ್ ಅದನ್ನೂ ತಡೆದ. ಮ್ಯಾಚ್ 0–0ಯಲ್ಲೇ ಮುಗಿಯಿತು. ಪೇಪರಿನಲ್ಲಿ ಅದು ಸಪ್ಪೆ ಸ್ಕೋರು. ಲೆಕ್ಕದಲ್ಲಿ ಮಾತ್ರ ಸೋಲಿನ ಬಾಯಿಂದ ಕಿತ್ತುಕೊಂಡ ಒಂದು ಪಾಯಿಂಟ್, ಜೊತೆಗೆ ಪೈಪೋಟಿಯಲ್ಲಿದ್ದ ತಂಡದ ಕೈ ತಪ್ಪಿದ ಎರಡು ಪಾಯಿಂಟ್.

ಬಾಗಿಲು ಹಾಕಿ ಕೂತವರನ್ನು ಒಡೆಯುವುದು

ಬಡ್ತಿಗೆ ಓಡುವ ತಂಡಕ್ಕೆ ಒಂದು ಕಷ್ಟ ಇದೆ. ಪಟ್ಟಿಯಲ್ಲಿ ಮೇಲೆ ಹೋದ ಹಾಗೆ ಎದುರಾಳಿಗಳು ಹೆದರಿಕೊಂಡೇ ಬರುತ್ತಾರೆ. ಹತ್ತು ಜನರನ್ನು ಹಿಂದೆ ನಿಲ್ಲಿಸಿ ಒಂದು ಪಾಯಿಂಟ್ ಸಿಕ್ಕರೆ ಸಾಕು ಅಂತ ಆಡುತ್ತಾರೆ. ಅವರಿಗೆ ಡ್ರಾ ಲಾಭ, ನಮಗೆ ನಷ್ಟ. ಅಂಥ ಮ್ಯಾಚಿನಲ್ಲಿ ನಾವೂ ಎಚ್ಚರಿಕೆ ಅಂತ ಕೂತರೆ ಎರಡು ಪಾಯಿಂಟ್ ಕೈಯಾರೆ ಬಿಟ್ಟ ಹಾಗೆ.

ಲೀಡ್ಸ್ ಹೊಡೆದ 95 ಗೋಲುಗಳಲ್ಲಿ ಇಂಥ ಮ್ಯಾಚುಗಳ ಪಾಲೂ ಇದೆ. ಇಂಥ ಗೋಡೆ ಒಡೆಯುವ ಕ್ರಮ ಹೇಗೆ? ಮೊದಲು ಮೈದಾನವನ್ನು ಅಗಲ ಮಾಡಬೇಕು. ಇಬ್ಬರು ಗೆರೆಯ ಪಕ್ಕದಲ್ಲೇ ನಿಲ್ಲಬೇಕು, ಚೆಂಡು ಬರಲಿ ಬಿಡಲಿ. ಆಗ ಎದುರಾಳಿಯ ಬ್ಯಾಕ್‌ಗಳು ಅವರನ್ನು ಕಾಯಲು ಬದಿಗೆ ಸರಿಯುತ್ತಾರೆ, ಇಬ್ಬರ ನಡುವೆ ಸಂದು ಬೀಳುತ್ತದೆ. ಆ ಸಂದಿಗೆ ಮಿಡ್‌ಫೀಲ್ಡರ್ ಓಡಬೇಕು. ವಿಂಗಿನವನು ಗೋಲು ಗೆರೆಯವರೆಗೆ ಹೋಗಿ, ಎತ್ತರದ ಕ್ರಾಸ್ ಹಾಕುವ ಬದಲು ನೆಲಕ್ಕೆ ಅಂಟಿದ ಹಾಗೆ ಹಿಂದಕ್ಕೆ ಕೊಡಬೇಕು. ಬ್ಯಾಕ್‌ಗಳೆಲ್ಲ ಗೋಲಿನ ಕಡೆ ಓಡುತ್ತಿರುತ್ತಾರೆ, ಚೆಂಡು ಅವರ ಬೆನ್ನ ಹಿಂದೆ ಬರುತ್ತದೆ. ಅಲ್ಲಿ ನಮ್ಮವನೊಬ್ಬ ಕಾಯುವವರಿಲ್ಲದೆ ನಿಂತಿದ್ದರೆ ಗೋಲು. ಲೀಡ್ಸ್‌ನ ಜೋಯೆಲ್ ಪಿರೊ ಆ ವರ್ಷ 19 ಗೋಲು ಹೊಡೆದು ಇಡೀ ಲೀಗಿನಲ್ಲಿ ಮೊದಲಿಗರಾದರು.

ಜಾಸ್ತಿ ಗೋಲು ಹೊಡೆದದ್ದಕ್ಕೆ ಇನ್ನೊಂದು ಫಲವೂ ಸಿಕ್ಕಿತು. 100 ಪಾಯಿಂಟ್‌ಗೆ ಇಬ್ಬರೂ ಸಮ ಆದಾಗ ಗೋಲು ವ್ಯತ್ಯಾಸ ನೋಡಿದರು. ಲೀಡ್ಸ್‌ಗೆ 65, ಬರ್ನ್ಲಿಗೆ 53. ಕಪ್ ಲೀಡ್ಸ್‌ಗೆ ಹೋಯಿತು. ಆ ಸಮ ಕೂಡ ಆದದ್ದು ಕೊನೆಯ ದಿನ ಪ್ಲಿಮತ್‌ನಲ್ಲಿ 90 ನಿಮಿಷ ದಾಟಿದ ಮೇಲೆ ಮನೋರ್ ಸೊಲೊಮನ್ ಹೊಡೆದ ಗೋಲಿನಿಂದ. ಅದಿಲ್ಲದಿದ್ದರೆ ಲೀಡ್ಸ್‌ಗೆ 98 ಆಗಿ ಕಪ್ ಬರ್ನ್ಲಿಯದಾಗುತ್ತಿತ್ತು.

ಹಿಂದೆ ಉಳಿಯುವವರು

ಇಷ್ಟು ಜನ ಮುಂದೆ ಹೋದರೆ ಹಿಂದೆ ಯಾರು? ಈ ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಬಡ್ತಿಯ ತಂಡ ಮತ್ತು ಸುಮ್ಮನೆ ಚಂದ ಆಡುವ ತಂಡದ ವ್ಯತ್ಯಾಸ ಇದೆ ಅಂತ ನನ್ನ ಅಭಿಪ್ರಾಯ. ಊರಿಡೀ ಜಾತ್ರೆಗೆ ಹೋದರೂ ಮನೆಯಲ್ಲಿ ಒಬ್ಬರು ಉಳಿಯುತ್ತಾರಲ್ಲ, ಹಾಗೆ. ಕೋಚ್‌ಗಳು ಇದಕ್ಕೆ ರೆಸ್ಟ್ ಡಿಫೆನ್ಸ್ ಅನ್ನುತ್ತಾರೆ. ನಮ್ಮ ತಂಡ ಅಟ್ಯಾಕ್ ಮಾಡುತ್ತಿರುವಾಗಲೇ, ಚೆಂಡು ತಪ್ಪಿದರೆ ಎಂತ ಮಾಡಬೇಕು ಅಂತ ಮೊದಲೇ ನಿಂತುಕೊಂಡಿರುವ ಜನ. ಹೆಚ್ಚಾಗಿ ಇಬ್ಬರು ಸ್ಟಾಪರ್ ಬ್ಯಾಕ್, ಜೊತೆಗೆ ಒಬ್ಬನೋ ಇಬ್ಬರೋ ಮಿಡ್‌ಫೀಲ್ಡರ್. ಬಲಗಡೆಯ ಬ್ಯಾಕ್ ಮೇಲೆ ಹೋದರೆ ಎಡಗಡೆಯವನು ಹಿಂದೆ ಉಳಿದು ಮೂವರ ಸಾಲು ಮಾಡುತ್ತಾನೆ.

ಒಂದು ಕಾರ್ನರ್ ಕಲ್ಪಿಸಿಕೊಳ್ಳಿ. ನಮ್ಮವರು ಏಳು ಜನ ಬಾಕ್ಸಿನ ಹತ್ತಿರ ಇದ್ದಾರೆ. ಚೆಂಡು ಬಂತು, ಎದುರಾಳಿ ಬ್ಯಾಕ್ ತಲೆಯಿಂದ ಹೊರಗೆ ದೂಡಿದ. ಅದು ಬಾಕ್ಸಿನಿಂದ ಹತ್ತು ಮೀಟರ್ ದೂರ ಬೀಳುತ್ತದೆ. ಅಲ್ಲಿ ನಮ್ಮವನೊಬ್ಬ ನಿಂತಿದ್ದರೆ ಎರಡನೇ ಹೊಡೆತ ನಮ್ಮದು, ಅಟ್ಯಾಕ್ ಮುಂದುವರಿಯುತ್ತದೆ. ಅಲ್ಲಿ ಯಾರೂ ಇಲ್ಲದಿದ್ದರೆ ಎದುರಾಳಿಯ ವೇಗದ ವಿಂಗರ್ ಚೆಂಡು ಹಿಡಿದು ಓಡುತ್ತಾನೆ, ಮುಂದೆ ಅರ್ಧ ಮೈದಾನ ಖಾಲಿ. ನಮ್ಮ ಏಳು ಜನ ಬೆನ್ನು ಹಾಕಿ ಓಡಬೇಕು. ಏಳೆಂಟು ಸೆಕೆಂಡಿನಲ್ಲಿ ನಮ್ಮ ಕಾರ್ನರ್ ಅವರ ಗೋಲಾಗುತ್ತದೆ. ಹಾಗಾಗಿ ಚೆಂಡು ತಪ್ಪಿದ ಮೊದಲ ಐದಾರು ಸೆಕೆಂಡಿನಲ್ಲಿ ಹತ್ತಿರ ಇದ್ದ ಇಬ್ಬರು ಮೂವರು ಹಿಂದೆ ಓಡುವ ಬದಲು ಚೆಂಡಿನ ಮೇಲೇ ಬೀಳಬೇಕು. ಕಿತ್ತುಕೊಳ್ಳಲು ಆಗದಿದ್ದರೂ ಎದುರಾಳಿ ಅರೆಕ್ಷಣ ತಡೆದು ನಿಲ್ಲಬೇಕು, ಅಷ್ಟರಲ್ಲಿ ಉಳಿದವರು ಸಾಲು ಕಟ್ಟುತ್ತಾರೆ.

ಇದು ಇಲ್ಲದ ಅಟ್ಯಾಕ್ ಮ್ಯಾಚ್ ಗೆಲ್ಲಿಸಬಹುದು, ಸೀಸನ್ ದಾಟಿಸುವುದು ಕಷ್ಟ. ದಾಟಿಸಿದವರು ಇಲ್ಲವೆಂದಲ್ಲ. ಇಪ್ಸ್‌ವಿಚ್ 2023-24ರಲ್ಲಿ 57 ಗೋಲು ಬಿಟ್ಟುಕೊಟ್ಟೂ 92 ಹೊಡೆದು, 96 ಪಾಯಿಂಟ್‌ಗೆ ಎರಡನೇ ಸ್ಥಾನದಲ್ಲಿ ಮೇಲೆ ಹೋಯಿತು. ಆದರೆ ಪ್ರತಿ ವಾರ ಎರಡು ಗೋಲು ಹೊಡೆಯುವ ಕೆಚ್ಚು ಎಲ್ಲ ತಂಡಕ್ಕೂ ಇರುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಕೋಯಿಕ್ಕೋಡಿನದು. 2025ರ ಏಪ್ರಿಲ್‌ನಲ್ಲಿ ಐ-ಲೀಗಿನ ಕೊನೆಯ ದಿನ. ಗೋಕುಲಂ ಕೇರಳಕ್ಕೆ ಇನ್ನೂ ಆಸೆ ಉಳಿದಿತ್ತು. ಗೆಲ್ಲಲೇಬೇಕು, ಬೇರೆ ಮೈದಾನದ ಫಲಿತಾಂಶವೂ ಕೂಡಿಬರಬೇಕು. ಗೋವಾದ ಡೆಂಪೊ ಎದುರು ತಮ್ಮದೇ ಮೈದಾನದಲ್ಲಿ ಮೂರು ಗೋಲು ಹೊಡೆದರು. ಆದರೂ 4–3ರಲ್ಲಿ ಸೋತರು. ಮೂರು ಹೊಡೆದು ಸೋತ ಮ್ಯಾಚಿನಲ್ಲಿ ಫಾರ್ವರ್ಡ್‌ಗಳನ್ನು ಬೈದು ಪ್ರಯೋಜನ ಇಲ್ಲ.

1–0 ಆದ ಮೇಲೆ

ಗ್ಯಾಲರಿಯಲ್ಲಿ ಅತಿ ಜಾಸ್ತಿ ಕೂಗು ಕೇಳುವುದು ಇಲ್ಲಿ. ನಮ್ಮ ತಂಡ ಒಂದು ಗೋಲು ಮುಂದಿದೆ, 70ನೇ ನಿಮಿಷ. ಕೋಚ್ ಒಬ್ಬ ಫಾರ್ವರ್ಡನ್ನು ಕರೆದು ಬ್ಯಾಕ್ ಒಬ್ಬನನ್ನು ಇಳಿಸುತ್ತಾರೆ. "ಎಂತಕ್ಕೆ ಈಗಲೇ ಹಿಂದೆ ಹೋಗುವುದು?" ಅಂತ ಒಬ್ಬರು ಎದ್ದು ನಿಲ್ಲುತ್ತಾರೆ. "ಇರುವುದನ್ನು ಉಳಿಸಿಕೊಳ್ಳಲಿ ಬಿಡಿ" ಅಂತ ಪಕ್ಕದವರು.

ಇಲ್ಲಿ ನಾನು ಎದ್ದು ನಿಂತವರ ಪಕ್ಷ. ಫಾರ್ವರ್ಡ್ ಹೊರಗೆ ಹೋದ ಮೇಲೆ ನಮ್ಮ ಬ್ಯಾಕ್ ಉದ್ದಕ್ಕೆ ಒದ್ದ ಚೆಂಡನ್ನು ಮುಂದೆ ಹಿಡಿದು ನಿಲ್ಲಿಸಲು ಯಾರೂ ಇರುವುದಿಲ್ಲ. ಅದು ನೇರ ಎದುರಾಳಿಯ ಕಾಲಿಗೆ ಹೋಗಿ ಮತ್ತೆ ನಮ್ಮ ಬಾಕ್ಸಿಗೇ ಬರುತ್ತದೆ. ಒಂದು ಕ್ರಾಸ್, ಒಂದು ಕಾರ್ನರ್, ಇನ್ನೊಂದು ಕಾರ್ನರ್. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ದೊಡ್ಡ ಅಪಾಯ ಅನಿಸುವುದಿಲ್ಲ. ಪ್ರತಿ ಹೊಡೆತ ಗೋಲಾಗುವ ಸಾಧ್ಯತೆ 20ರಲ್ಲಿ ಒಂದು ಅಂತಿಟ್ಟುಕೊಳ್ಳಿ. ಅಂಥ ಹತ್ತು ಹೊಡೆತಕ್ಕೆ ಅವಕಾಶ ಕೊಟ್ಟರೆ ಒಂದಾದರೂ ಒಳಗೆ ಹೋಗುವ ಸಾಧ್ಯತೆ ಶೇಕಡ 40ರಷ್ಟಾಗುತ್ತದೆ. ಬೇಗ ಹಿಂದೆ ಸರಿದ ತಂಡ ಕೊಡುವುದು ಅದನ್ನೇ, ಹತ್ತು ಹೊಡೆತ. ಮೂರು ಪಾಯಿಂಟ್ ಒಂದಾಗುತ್ತದೆ. ಗೆಲುವನ್ನು ಕೊಟ್ಟು ಡ್ರಾ ಕೊಂಡ ಹಾಗಾಯಿತು.

ಕೊನೆಯ ಐದು ನಿಮಿಷಕ್ಕೆ ಬ್ಯಾಕ್ ಇಳಿಸುವುದು ಬೇರೆ ಮಾತು. ಆಗ ಬರುವ ಹೊಡೆತಗಳೇ ಎರಡೋ ಮೂರೋ. ಎದುರಾಳಿ ಉದ್ದುದ್ದ ಚೆಂಡು ಎತ್ತಿ ಹಾಕುತ್ತಿದ್ದರೆ ತಲೆಯಿಂದ ದೂಡಲು ಎತ್ತರದವನೊಬ್ಬ ಬೇಕಾಗುತ್ತಾನೆ. 70ರಲ್ಲಿ ಬೇಕಾದದ್ದು ಓಡುವ ಫಾರ್ವರ್ಡ್. ಅವನೊಬ್ಬ ಮೇಲೆ ನಿಂತಿದ್ದರೆ ಎದುರಾಳಿ ಕನಿಷ್ಠ ಇಬ್ಬರನ್ನು ಅವನಿಗಾಗಿ ಹಿಂದೆ ಬಿಡಬೇಕು. ಮೇಲೆ ನಿಂತೇ ಅವನು ಡಿಫೆನ್ಸ್ ಮಾಡುತ್ತಿದ್ದಾನೆ.

ನಿಂತ ಚೆಂಡಿನ ವಿಷಯವನ್ನೂ ಹೇಳಿಬಿಡಬೇಕು. ಕಾರ್ನರ್, ಫ್ರೀ ಕಿಕ್ ಇವು ಅಟ್ಯಾಕ್-ಡಿಫೆನ್ಸ್ ಜಗಳದ ಹೊರಗೇ ಉಳಿಯುತ್ತವೆ. ಎಂಥ ಬೀಗ ಹಾಕಿದ ಮ್ಯಾಚನ್ನೂ ಅವು ಬಿಡಿಸಬಲ್ಲವು. 2016ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ಐಎಸ್‌ಎಲ್ ಫೈನಲ್ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಕೇರಳ ಬ್ಲಾಸ್ಟರ್ಸ್‌ಗೆ ಮೊದಲ ಗೋಲು ತಂದವರು ತ್ರಿಕ್ಕರಿಪುರದ ಮುಹಮ್ಮದ್ ರಾಫಿ, ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟು. ಎದುರಾಳಿ ಅಟ್ಲೆಟಿಕೊ ಡಿ ಕೋಲ್ಕತ್ತ ಅರ್ಧ ಹೊತ್ತಿಗೆ ಮೊದಲೇ ಸಮ ಮಾಡಿದ್ದೂ ಕಾರ್ನರಿನಿಂದ, ತಲೆಯಿಂದಲೇ. ಉಳಿದ ಹೊತ್ತಿನಲ್ಲಿ, ಹೆಚ್ಚುವರಿ ಅವಧಿಯಲ್ಲೂ, ಯಾರೂ ಬಾಗಿಲು ತೆರೆಯಲಿಲ್ಲ. ಪೆನಾಲ್ಟಿಯಲ್ಲಿ ಕೋಲ್ಕತ್ತ ಗೆದ್ದಿತು.

ಪ್ಲೇ-ಆಫ್ ಬಂದರೆ ಲೆಕ್ಕ ತಲೆಕೆಳಗು

ಇಲ್ಲಿಯವರೆಗೆ ಹೇಳಿದ ಮೂರು-ಒಂದು ಪಾಯಿಂಟಿನ ಲೆಕ್ಕ ಪ್ಲೇ-ಆಫ್‌ನಲ್ಲಿ ನಡೆಯುವುದಿಲ್ಲ. ಅದು ನಾಕೌಟ್, ನಮ್ಮ ಸೆವೆನ್ಸ್‌ನ ಹಾಗೆ ಬದುಕಿ ಉಳಿಯುವ ಆಟ. 2025ರಲ್ಲಿ ಸಂಡರ್ಲೆಂಡ್ ಲೀಗಿನ ಕೊನೆಯ ಐದು ಮ್ಯಾಚುಗಳನ್ನೂ ಸೋತು, 76 ಪಾಯಿಂಟ್‌ಗೆ ನಾಲ್ಕನೇ ಸ್ಥಾನದಲ್ಲಿ ಪ್ಲೇ-ಆಫ್‌ಗೆ ಬಂತು. ಸೆಮಿಫೈನಲ್‌ನಲ್ಲಿ ಕೋವೆಂಟ್ರಿ ಎದುರು ಹೆಚ್ಚುವರಿ ಅವಧಿಯೂ ಮುಗಿಯುವ ಹೊತ್ತಿಗೆ ಒಂದು ಕಾರ್ನರ್, ಡ್ಯಾನ್ ಬಲ್ಲಾರ್ಡ್‌ನ ತಲೆ, ಗೋಲು. ಫೈನಲ್‌ನಲ್ಲಿ ಸಿಕ್ಕವರು ಅದೇ ಶೆಫೀಲ್ಡ್ ಯುನೈಟೆಡ್. ಶೆಫೀಲ್ಡ್ ಮೊದಲ ಅರ್ಧದಲ್ಲೇ 1–0 ಮುಂದೆ ಹೋಯಿತು. ಎರಡನೇ ಗೋಲನ್ನೂ ಹೊಡೆದಿತ್ತು, ಆದರೆ ವಿಡಿಯೋ ನೋಡಿ ಆಫ್‌ಸೈಡ್ ಅಂತ ರದ್ದು ಮಾಡಿದರು. 76ನೇ ನಿಮಿಷದಲ್ಲಿ ಸಂಡರ್ಲೆಂಡ್‌ನ ಮಯೆಂಡಾ ಸಮ ಮಾಡಿದ. 95ನೇ ನಿಮಿಷದಲ್ಲಿ ಶೆಫೀಲ್ಡ್‌ನ ಒಂದು ತಪ್ಪು ಪಾಸನ್ನು ಹಿಡಿದು ಟಾಮ್ ವಾಟ್ಸನ್ ಮುಂದಕ್ಕೆ ಓಡಿ ಬಾಕ್ಸಿನ ಹೊರಗಿನಿಂದ ಹೊಡೆದ. 2–1. ಶೆಫೀಲ್ಡ್ ಇಡೀ ವರ್ಷ ಗಳಿಸಿದ 14 ಪಾಯಿಂಟಿನ ಮುನ್ನಡೆ ಒಂದೇ ಮಧ್ಯಾಹ್ನದಲ್ಲಿ ಕರಗಿತು. ಲೀಗಿನಲ್ಲಿ ಸೋತ ಹತ್ತರಲ್ಲಿ ಎಂಟನ್ನು ಡ್ರಾ ಮಾಡಿಕೊಂಡಿದ್ದರೂ ಬರ್ನ್ಲಿಯನ್ನು ಮೀರುತ್ತಿರಲಿಲ್ಲ, ಆದರೆ ಕೊನೆಯ ದಿನದವರೆಗೂ ಬರ್ನ್ಲಿಯ ನಿದ್ದೆ ಕೆಡಿಸುತ್ತಿದ್ದರು.

ಮೇಲೆ ಹೋದ ಮೇಲೆ ಆಟ ಪೂರ್ತಿ ಬದಲಾಗುತ್ತದೆ ಅನ್ನುವುದನ್ನೂ ಬರ್ನ್ಲಿಯೇ ತೋರಿಸಿಕೊಟ್ಟಿದೆ. 2022-23ರಲ್ಲಿ ವಿನ್ಸೆಂಟ್ ಕೊಂಪನಿ ಅವರ ಕೈಯಲ್ಲಿ 87 ಗೋಲು ಹೊಡೆದು, 101 ಪಾಯಿಂಟ್‌ಗೆ ಲೀಗ್ ಗೆದ್ದು ಮೇಲೆ ಹೋಗಿತ್ತು. ಪ್ರೀಮಿಯರ್ ಲೀಗಿನಲ್ಲೂ ಅದೇ ಧೈರ್ಯದಲ್ಲಿ ಚೆಂಡು ಹಿಡಿದು ಆಡಲು ಹೋಗಿ, 24 ಪಾಯಿಂಟ್‌ಗೆ ಒಂದೇ ವರ್ಷದಲ್ಲಿ ಕೆಳಗೆ ಬಂತು. ಅದೇ ವರ್ಷ ಮೇಲೆ ಹೋಗಿದ್ದ ಶೆಫೀಲ್ಡ್ 104 ಗೋಲು ಬಿಟ್ಟುಕೊಟ್ಟು ಕೆಳಗಿಳಿಯಿತು. ಕೆಳಗಿನ ಲೀಗಿನಲ್ಲಿ ಎದುರಾಳಿ ಹತ್ತು ಜನರನ್ನು ಹಿಂದಿಟ್ಟು ಆಡುತ್ತಿದ್ದ. ಮೇಲೆ ಹೋದ ಮೇಲೆ ಹಾಗೆ ಆಡಬೇಕಾದವರು ಇವರೇ. ಆ ಅಭ್ಯಾಸ ಒಂದು ಬೇಸಿಗೆಯಲ್ಲಿ ಬರುವುದಿಲ್ಲ.

ನಮ್ಮ ಹುಡುಗರ ವಿಷಯಕ್ಕೆ ಬಂದರೆ, ಸೆವೆನ್ಸ್ ಆಡಿ ಬೆಳೆದವರ ಕಾಲು ಚುರುಕು, ಚಿಕ್ಕ ಜಾಗದಲ್ಲಿ ತಿರುಗುವುದು ಅವರಿಗೆ ನೀರು ಕುಡಿದ ಹಾಗೆ. ಆದರೆ ಹನ್ನೊಂದು ಜನರ ಟ್ರಯಲ್ಸಿಗೆ ಹೋದಾಗ ಫಾರ್ವರ್ಡ್ ಆಫ್‌ಸೈಡಿಗೆ ಸಿಕ್ಕಿಬೀಳುತ್ತಾನೆ, ಬ್ಯಾಕ್ ಸಾಲು ಬಿಟ್ಟು ಹಿಂದೆ ಓಡುತ್ತಾನೆ. ಪ್ರತಿಭೆ ಕಡಿಮೆಯಾಗಿ ಹೀಗಾಗುವುದಲ್ಲ, ಆ ಆಟ ಆಡುವ ಅವಕಾಶವೇ ಸಿಕ್ಕಿಲ್ಲ. ಊರಿನ ಕ್ಲಬ್ಬುಗಳಲ್ಲಿ ಕಲಿಸುವವರಿಗೆ ಒಂದು ಅಭ್ಯಾಸ ಹೇಳುತ್ತೇನೆ. ದೊಡ್ಡ ಮೈದಾನದಲ್ಲಿ ಆಫ್‌ಸೈಡ್ ಇಟ್ಟು 20 ನಿಮಿಷದ ಆಟ ಆಡಿಸಿ. ಶುರುವಿನಲ್ಲೇ ಒಂದು ಕಡೆಗೆ 1–0 ಅಂತ ಘೋಷಿಸಿ. ಗೆದ್ದರೆ ಮೂರು, ಸಮ ಆದರೆ ಒಂದು, ಸೋತರೆ ಸೊನ್ನೆ. ಆಮೇಲೆ ಕಡೆ ಬದಲಿಸಿ, ಹೀಗೆ ಒಂದು ತಿಂಗಳು ಪ್ರತಿ ಸಂಜೆ. ಪಾಯಿಂಟನ್ನು ಗೋಡೆಯ ಮೇಲೆ ಬರೆಯುತ್ತಾ ಹೋಗಿ. ಮುಂದಿರುವ ಕಡೆಯವರಿಗೆ ಹಿಂದೆ ಹೋಗಿ ಅಂತಲೂ ಹೇಳಬೇಡಿ, ಮುಂದೆ ಹೋಗಿ ಅಂತಲೂ ಹೇಳಬೇಡಿ. ಯಾವಾಗ ಸಾಲು ಮುಂದೆ ತರಬೇಕು, ಯಾವಾಗ ಒಬ್ಬನನ್ನು ಮೇಲೆ ಬಿಡಬೇಕು ಅಂತ ಹುಡುಗರೇ ತಮ್ಮತಮ್ಮಲ್ಲಿ ಕೂಗಿ ತೀರ್ಮಾನಿಸಲಿ.